ಕಡಲಿಗೆ ಇಟ್ಟ ಹೊಯ್ಗೆಯ ಗಡಿ



ಬಂಡೆಯ ಮೇಲೆ ಮನೆ ಕಟ್ಟಿದ ಬುದ್ಧಿವಂತ, ಹೊಯ್ಗೆಯ ಮೇಲೆ ಮನೆ ಕಟ್ಟಿದ ಬುದ್ಧಿಗೇಡಿ. ಸಂತ ಮತ್ತಾಯರ ಶುಭಸಂದೇಶದ 7ನೇ ಅಧ್ಯಾಯದ ಕೊನೆಯಲ್ಲಿರುವ ಈ ಸಾಮತಿಯನ್ನು ಧರ್ಮೋಪದೇಶ ತರಗತಿಯ ಸಣ್ಣ ಮಕ್ಕಳೂ ಬಲ್ಲರು. ಪೂಜಾವಿಧಿಯ ಪಂಚಾಂಗದಲ್ಲಿ ಇದು ಸಾಮಾನ್ಯವಾಗಿ ಜೂನ್ ಕೊನೆಯ ಹೊತ್ತಿಗೆ ಒಂದು ಗುರುವಾರದ ವಾಚನವಾಗಿ ಬರುತ್ತದೆ. ಬೇರೆ ದೇಶಗಳಲ್ಲಿ ಅದು ಯಾವ ಋತುವೋ, ನಮ್ಮ ಕಾಸರಗೋಡಿನಲ್ಲಂತೂ ಮಳೆ ಸುರಿದು, ಹೊಳೆ ತುಂಬಿ, ಕಡಲು ಮೊರೆಯುವ ಕಾಲ. ಮಳೆ, ಪ್ರವಾಹ, ಬಿರುಗಾಳಿ ಮೂರೂ ಆ ಮನೆಗೆ ಅಪ್ಪಳಿಸಿದವು ಎಂದು ಓದುವಾಗ ಇಗರ್ಜಿಯ ಹೊರಗೆ ಆ ಮೂರೂ ಇರುತ್ತವೆ. ಅದೇ ವಾರದ ಪತ್ರಿಕೆಯಲ್ಲಿ ಉಪ್ಪಳದ ಮುಸೋಡಿಯದ್ದೋ ಕುಂಬಳೆಯ ಕೋಯಿಪ್ಪಾಡಿಯದ್ದೋ ತೃಕ್ಕನ್ನಾಡಿನದ್ದೋ ಒಂದು ಚಿತ್ರ: ಬೇರು ಹೊರಬಿದ್ದ ತೆಂಗು, ಅರ್ಧ ಕುಸಿದ ಅಡುಗೆಕೋಣೆ, ಪಾತ್ರೆಗಳನ್ನು ಹೊರಗೆ ಸಾಗಿಸುತ್ತಿರುವ ಹೆಂಗಸರು.

ಆ ಚಿತ್ರ ನೋಡಿ ನಮ್ಮಲ್ಲಿ ಕೆಲವರು ಆಡುವ ಮಾತೊಂದಿದೆ. “ಕಡಲ ಬುಡದಲ್ಲಿ ಮನೆ ಕಟ್ಟಿದರೆ ಇನ್ನೇನಾದೀತು? ಯೇಸುಸ್ವಾಮಿ ಆಗಲೇ ಹೇಳಿದ್ದಾರಲ್ಲ.” ಈ ಮಾತನ್ನು ಪರೀಕ್ಷಿಸದೆ ಬಿಡಬಾರದು. ಶುಭಸಂದೇಶವನ್ನು ಹಿಡಿದು ನೆರೆಯವನ ಕಷ್ಟಕ್ಕೆ ತೀರ್ಪು ಕೊಡುವುದು ಸುಲಭ. ಆದರೆ ಸಾಮತಿ ಹಾಗೆ ಹೇಳುತ್ತದೆಯೇ?

ಮೊದಲನೆಯದಾಗಿ, ಪ್ರಭು ಅಲ್ಲಿ ಹೇಳುತ್ತಿರುವುದು ಕಡಲತೀರದ ಮನೆಯ ಕಥೆಯನ್ನಲ್ಲ. ಪಾಲೆಸ್ತೀನದಲ್ಲಿ ಬೇಸಗೆಯಲ್ಲಿ ಒಣಗಿ, ಮಳೆಗಾಲದಲ್ಲಿ ಒಮ್ಮೆಲೇ ಉಕ್ಕುವ ಹಳ್ಳಗಳಿವೆ. ಒಣಗಿದ ದಿನಗಳಲ್ಲಿ ಆ ಹಳ್ಳದ ಮರಳು ಸಮತಟ್ಟಾಗಿ, ಮನೆ ಕಟ್ಟಲು ಸಲೀಸಾಗಿ ಕಾಣುತ್ತದೆ. ಎರಡನೆಯದಾಗಿ, ಪ್ರಭು ತಮ್ಮ ಮೊದಲ ಶಿಷ್ಯರನ್ನು ಆರಿಸಿದ್ದು ದಡದಲ್ಲಿ ಬಲೆ ಹರಡಿದ್ದ ಬೆಸ್ತರ ನಡುವಿನಿಂದ. ಸಂತ ಪೇತ್ರರ ಮನೆ ಇದ್ದದ್ದು ಗಲಿಲೇಯ ಸರೋವರದ ಅಂಚಿನ ಕಫೆರ್ನವುಮಿನಲ್ಲಿ. ಆ ಮನೆಗೆ ಪ್ರಭು ಹೋದರು, ಅತ್ತೆಯ ಜ್ವರ ಬಿಡಿಸಿದರು, ಅವರ ಕೈಯ ಉಪಚಾರ ಸ್ವೀಕರಿಸಿದರು. ಮನೆಯನ್ನು ಗುಡ್ಡಕ್ಕೆ ಒಯ್ಯಿರಿ ಎಂದು ಎಲ್ಲೂ ಹೇಳಲಿಲ್ಲ.

ಮೀನುಗಾರ ಕಡಲ ಹತ್ತಿರ ಇರುವುದು ಬುದ್ಧಿಗೇಡಿತನದಿಂದಲ್ಲ. ನೀರಿನ ಬಣ್ಣ ಬದಲಾದದ್ದನ್ನು ನೋಡಿ ಬೂತಾಯಿಯ ಗುಂಪು ಬಂದಿತೆಂದು ತಿಳಿಯಬೇಕು, ಗಾಳಿ ತಿರುಗಿದರೆ ನಾಡದೋಣಿಯನ್ನು ಮೇಲೆ ಎಳೆಯಬೇಕು, ಬಲೆ ಒಣಗಿಸಬೇಕು, ಬೆಳಗಿನ ಜಾವ ದೋಣಿ ಬರುವಾಗ ಹೆಂಗಸರು ಬುಟ್ಟಿ ಹಿಡಿದು ಅಲ್ಲಿರಬೇಕು. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಅವರ ಅಜ್ಜಂದಿರು ಮನೆ ಕಟ್ಟುವಾಗ ಅಂಗಳದ ಮುಂದೆ ತೆಂಗಿನ ಸಾಲು, ಅದರಾಚೆ ಗಾಳಿಮರ, ಅದರಾಚೆ ದೋಣಿ ಎಳೆಯುವ ಹೊಯ್ಗೆ, ಆಮೇಲೆ ಕಡಲು ಇತ್ತು. ಮನೆ ಕಡಲ ಬಳಿಗೆ ಹೋದದ್ದಲ್ಲ, ಕಡಲು ಮನೆಯ ಬಳಿಗೆ ಬಂದದ್ದು.

ಏಕೆ ಬಂತು? ಎರಡು ಕಾರಣಗಳಿವೆ. ಒಂದು ಬಹಳ ದೂರದ್ದು, ಇನ್ನೊಂದು ಬಹಳ ಹತ್ತಿರದ್ದು.

ದೂರದ್ದನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗೋಣ. 1901ರಿಂದ 2018ರೊಳಗೆ ಜಗತ್ತಿನ ಕಡಲ ಸರಾಸರಿ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ ಎಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ 2021ರಲ್ಲಿ ತಿಳಿಸಿತು. ಅಂದರೆ ಒಂದು ಗೇಣಿಗೆ ಸ್ವಲ್ಪ ಕಡಿಮೆ. ಏರುವ ವೇಗ ಹೆಚ್ಚುತ್ತಿದೆ. 2006ರಿಂದ 2018ರ ನಡುವೆ ಅದು ವರ್ಷಕ್ಕೆ 3.7 ಮಿಲಿಮೀಟರಿನಷ್ಟಿತ್ತು. ಭೂಮಿ ಬಿಸಿಯಾದಂತೆ ಕಡಲ ನೀರು ಹಿಗ್ಗುತ್ತದೆ, ಧ್ರುವಗಳ ಮತ್ತು ಪರ್ವತಗಳ ಮಂಜುಗಡ್ಡೆ ಕರಗಿ ಸೇರುತ್ತದೆ. ಈ ಶತಮಾನದ ಕೊನೆಗೆ, ಜಗತ್ತು ಹೊಗೆ ಉಗುಳುವುದನ್ನು ಬಹಳವಾಗಿ ತಗ್ಗಿಸಿದರೂ ಇನ್ನೂ 28ರಿಂದ 55 ಸೆಂಟಿಮೀಟರ್, ತಗ್ಗಿಸದಿದ್ದರೆ 1 ಮೀಟರಿನ ತನಕ ಏರಬಹುದು ಎಂಬುದು ಅದೇ ಸಮಿತಿಯ ಲೆಕ್ಕ. ಜಗತ್ತಿನ ಕಾಲುಭಾಗ ಜನ ಕಡಲ ಅಂಚಿನಲ್ಲಿ ಅಥವಾ ಅದಕ್ಕೆ ತೀರ ಹತ್ತಿರ ಇದ್ದಾರೆ ಎಂಬುದನ್ನು ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸೀ’ ಪತ್ರದಲ್ಲಿ ನೆನಪಿಸಿದ್ದಾರೆ. ಮುಸೋಡಿಯ ಒಂದು ಕುಟುಂಬ ಈ ಹೊಗೆಗೆ ಎಷ್ಟು ಕಾರಣ? ಸೈಕಲ್ಲೂ ಹೊರಬೋಟಿನ ಒಂದು ಎಂಜಿನ್ನೂ ಇರುವ ಮನೆಯದು. ಹೊಗೆ ಬಿಟ್ಟವರು ಒಬ್ಬರು, ಮನೆ ಕಳೆದುಕೊಂಡವರು ಇನ್ನೊಬ್ಬರು.

ಹತ್ತಿರದ ಕಾರಣವೇ ಇವತ್ತು ನಮಗೆ ಮುಖ್ಯ. ಅದು ಹೊಯ್ಗೆ.

ಪ್ರವಾದಿ ಯೆರೆಮೀಯನ ಗ್ರಂಥದ 5ನೇ ಅಧ್ಯಾಯ, 22ನೇ ವಚನವನ್ನು ಮನೆಯಲ್ಲಿ ತೆರೆದು ನೋಡಿ. ತಾನು ಕಡಲಿಗೆ ಮರಳನ್ನೇ ಗಡಿಯಾಗಿ ಇಟ್ಟಿದ್ದೇನೆ, ಅಲೆಗಳು ಎಷ್ಟೇ ಮೊರೆದರೂ ಅದನ್ನು ದಾಟಲಾರವು ಎಂದು ದೇವರು ಅಲ್ಲಿ ಹೇಳುತ್ತಾರೆ. ಯೋಬನ ಗ್ರಂಥದ 38ನೇ ಅಧ್ಯಾಯದಲ್ಲಿ ಕಡಲಿಗೆ ಬಾಗಿಲೂ ಅಗುಳಿಯೂ ಇವೆ. ಯೆರೆಮೀಯನಲ್ಲಿ ಅಷ್ಟು ಗಟ್ಟಿಯದ್ದೇನೂ ಇಲ್ಲ. ಬೆರಳ ಸಂದಿನಿಂದ ಸೋರಿಹೋಗುವ ಹೊಯ್ಗೆ ಕಡಲನ್ನು ತಡೆಯುತ್ತದೆ! ಮನೆಗೆ ಪಾಯವಾಗಲು ಬಾರದ ವಸ್ತುವನ್ನೇ ದೇವರು ಕಡಲಿಗೆ ಬೇಲಿಯಾಗಿ ಆರಿಸಿಕೊಂಡರು.

ಇದು ಬರೀ ಭಕ್ತಿಯ ಮಾತೆಂದು ತಿಳಿಯಬೇಡಿ. ಕರಾವಳಿಯನ್ನು ಅಧ್ಯಯನ ಮಾಡುವ ಎಂಜಿನಿಯರರೂ ಇದನ್ನೇ ಹೇಳುತ್ತಾರೆ. ಮಳೆಗಾಲದ ದೊಡ್ಡ ಅಲೆ ದಡದ ಹೊಯ್ಗೆಯನ್ನು ಒಳಗೆಳೆದು, ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬ ಮಾಡುತ್ತದೆ. ಮುಂದಿನ ಅಲೆ ಆ ದಿಬ್ಬದ ಮೇಲೆಯೇ ಒಡೆದು ಬಲ ಕಳೆದುಕೊಳ್ಳುತ್ತದೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದೇ ಹೊಯ್ಗೆಯನ್ನು ಮೆಲ್ಲನೆ ಮರಳಿ ದಡಕ್ಕೆ ತರುತ್ತವೆ. ದಡ ವರ್ಷವರ್ಷವೂ ಹೀಗೆ ಹೋಗಿ ಬರುತ್ತದೆ. ಇದರ ಜೊತೆಗೆ ಹೊಯ್ಗೆ ದಡದುದ್ದಕ್ಕೂ ಪಕ್ಕಕ್ಕೆ ಸಾಗುತ್ತಿರುತ್ತದೆ. ಕಾಲಕಾಲಕ್ಕೆ ಕಡಿಮೆಯಾದದ್ದನ್ನು ತುಂಬುವುದು ಹೊಳೆಗಳು. ನಮ್ಮ ಜಿಲ್ಲೆಯೊಂದರಲ್ಲೇ 12 ಹೊಳೆಗಳಿವೆ. ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೀಗೆ ಒಂದೊಂದೂ ಮೇಲಿನ ಗುಡ್ಡಗಳಿಂದ ಕಲ್ಲನ್ನು ಅರೆದು ಅರೆದು ಅಳಿವೆ ಬಾಗಿಲಿಗೆ ತಂದು ಸುರಿಯುತ್ತವೆ.

ಈಗ ಹೊಳೆಯ ಹೊಯ್ಗೆ ರಾತ್ರಿ ಟಿಪ್ಪರಿನಲ್ಲಿ ಹೋಗುತ್ತದೆ. ಅಣೆಕಟ್ಟು, ಕಿಂಡಿ ಅಣೆಕಟ್ಟುಗಳ ಹಿಂದೆ ಒಂದಿಷ್ಟು ನಿಲ್ಲುತ್ತದೆ. ಬಂದರಿಗಾಗಿ ಕಡಲೊಳಗೆ ಚಾಚಿದ ಕಲ್ಲಿನ ದಂಡೆಯ ಒಂದು ಮಗ್ಗುಲಲ್ಲಿ ರಾಶಿ ಬೀಳುತ್ತದೆ, ಇನ್ನೊಂದು ಮಗ್ಗುಲು ಬರಿದಾಗುತ್ತದೆ. ದೇವರು ಇಟ್ಟ ಬೇಲಿಯ ಗೂಟವನ್ನು ಒಂದೊಂದಾಗಿ ಕಿತ್ತು, ಆಮೇಲೆ ಹೋರಿ ತೋಟಕ್ಕೆ ನುಗ್ಗಿತೆಂದು ಕೂಗಿದ ಹಾಗಾಯಿತು. ಹೊಸ ಮನೆಯ ಆಶೀರ್ವಾದಕ್ಕೆ ಗುರುಗಳನ್ನು ಕರೆಯುವಾಗ ನೆಲಹಾಸು ಯಾವುದು, ಬಾಗಿಲಿನ ಮರ ಯಾವುದು ಎಂದೆಲ್ಲ ಮಾತು ಬರುತ್ತದೆ. ಹೊಯ್ಗೆ ಎಲ್ಲಿಯದು ಎಂದು ಕೇಳುವವರು ಅಪರೂಪ. ಕೇಳಬೇಕಾದ ಪ್ರಶ್ನೆ ಅದು. ಪಾಪನಿವೇದನೆಗೆ ಮುನ್ನ ಮಾಡುವ ಆತ್ಮಶೋಧನೆಯಲ್ಲಿ ಅದಕ್ಕೂ ಒಂದು ಜಾಗವಿರಲಿ.

ಕಡಲು ಒಳಗೆ ಬಂದಾಗ ಎಲ್ಲರೂ ಕೇಳುವ ಪರಿಹಾರ ಒಂದೇ: ಕಲ್ಲು ಹಾಕಿ, ಗೋಡೆ ಕಟ್ಟಿ. ನಾಳೆಯೇ ಮನೆ ಬೀಳುವುದಿದ್ದರೆ ಯಾರಾದರೂ ಅದನ್ನೇ ಕೇಳುತ್ತಾರೆ, ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಗೋಡೆಯ ಕೊನೆಯಲ್ಲಿ ಏನಾಗುತ್ತದೆ ಎಂದು ನೋಡಬೇಕು. ಕೊಚ್ಚಿಯ ಬಳಿಯ ಚೆಲ್ಲಾನಂ ನಮ್ಮಂತೆ ಲ್ಯಾಟಿನ್ ಕಥೋಲಿಕರ ಊರು. 2017ರ ಓಖಿ ಚಂಡಮಾರುತ ಅಲ್ಲಿ ಮನೆ ಮನೆಗೆ ಕಡಲನ್ನು ನುಗ್ಗಿಸಿತು. ಜನರ ದೀರ್ಘ ಹೋರಾಟದ ನಂತರ ಸರಕಾರ 7 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಟೆಟ್ರಾಪಾಡ್ ಎಂಬ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳ ಗೋಡೆ ಕಟ್ಟಿತು. ಗೋಡೆಯ ಹಿಂದಿನವರು ಈಗ ಮಳೆಗಾಲದಲ್ಲಿ ನಿದ್ದೆ ಮಾಡುತ್ತಾರೆ. ದೇವರಿಗೆ ಸ್ತೋತ್ರ. ಆದರೆ ಗೋಡೆ ಮುಗಿದ ಜಾಗದಿಂದ ಉತ್ತರಕ್ಕೆ ಇರುವ ಕಣ್ಣಮಾಲಿಯ ಜನ ತಮ್ಮ ಅಂಗಳಕ್ಕೆ ಬಂದ ನೀರಿನಲ್ಲಿ ನಿಂತು ರಸ್ತೆ ತಡೆದರು. ಅವರಲ್ಲೂ ಹೆಚ್ಚಿನವರು ನಮ್ಮ ಸಭೆಯವರೇ.

ಅಷ್ಟು ದೂರ ಯಾಕೆ, ಉಳ್ಳಾಲವನ್ನೇ ನೋಡಿ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಅಲ್ಲಿ ಕಡಲಿಗೆ ತಡೆದಂಡೆಗಳೂ ನೀರಿನಡಿಯ ದಿಬ್ಬಗಳೂ ಆದವು. ಆಮೇಲೆ ಕೊರೆತ ತಮ್ಮ ಕಡೆ ಸರಿಯಿತು ಎಂಬುದು ದಕ್ಷಿಣದ ಉಚ್ಚಿಲ, ಬಟ್ಟಪ್ಪಾಡಿಯವರ ದೂರು. ಬಟ್ಟಪ್ಪಾಡಿ ದಾಟಿದರೆ ತಲಪಾಡಿ, ಅದರಾಚೆ ನಮ್ಮ ಕುಂಜತ್ತೂರು, ಕಣ್ವತೀರ್ಥ. ತಲಪಾಡಿಯಲ್ಲಿ ರಾಜ್ಯ ಬದಲಾಗುತ್ತದೆ, ಫಲಕದ ಲಿಪಿ ಬದಲಾಗುತ್ತದೆ. ಹೊಯ್ಗೆಗೆ ಅದು ಗೊತ್ತಿಲ್ಲ. ಉತ್ತರದಲ್ಲಿ ಒಂದು ಇಲಾಖೆ ಕಲ್ಲು ಹಾಕುತ್ತದೆ, ದಕ್ಷಿಣದಲ್ಲಿ ಇನ್ನೊಂದು ಇಲಾಖೆ ಕಲ್ಲು ಹಾಕುತ್ತದೆ. ಇಬ್ಬರೂ ಕೂತು ಮಾತಾಡುವ ಮೇಜು ಮಾತ್ರ ಕಾಣುವುದಿಲ್ಲ.

ಧರ್ಮೋಪದೇಶಕಾಂಡದಲ್ಲಿ ಎರಡು ಕಡೆ ನೆರೆಯವನ ಗಡಿಕಲ್ಲನ್ನು ಸರಿಸಬಾರದೆಂಬ ಆಜ್ಞೆ ಇದೆ. 27ನೇ ಅಧ್ಯಾಯದಲ್ಲಿ ಸರಿಸುವವನಿಗೆ ಶಾಪವೂ ಇದೆ. ನಮ್ಮ ಕಡೆ ತೋಟದ ಗಡಿ ಒಂದು ಗೇಣು ಸರಿದರೆ ಅಣ್ಣತಮ್ಮಂದಿರು ಹತ್ತು ವರ್ಷ ಮಾತು ಬಿಡುತ್ತಾರೆ. ಹಾಗಾದರೆ ಪಕ್ಕದ ಊರಿನ ಹೊಯ್ಗೆಯನ್ನು ಸರಿಸುವ ಗೋಡೆಯೂ ಗಡಿಕಲ್ಲು ಸರಿಸಿದಂತೆಯೇ ಅಲ್ಲವೇ? ಗೋಡೆ ಬೇಡವೆಂದಲ್ಲ. ಪೇಟೆಯ ನಡುವೆ, ಆಸ್ಪತ್ರೆಯ ಎದುರು, ಹೆದ್ದಾರಿಯ ಅಂಚಿನಲ್ಲಿ ಬೇರೆ ದಾರಿ ಇಲ್ಲದಿರಬಹುದು. ಕಟ್ಟುವ ಮೊದಲು ಗೋಡೆ ಮುಗಿಯುವ ಕಡೆ ಯಾರ ಮನೆ ಇದೆ ಎಂದು ನೋಡಿ, ಅವರನ್ನೂ ಕೂರಿಸಿ ಮಾತಾಡಬೇಕು. ಗ್ರಾಮಸಭೆಯಲ್ಲಿ ಎದ್ದುನಿಂತು ಇದನ್ನು ಕೇಳುವುದೂ ಕ್ರೈಸ್ತನ ಕೆಲಸವೇ.

ಕಿತ್ತ ಬೇಲಿಯನ್ನು ಮರಳಿ ನೆಡಲು ಸಾಧ್ಯ ಎಂಬುದಕ್ಕೂ ಸಾಕ್ಷಿಯಿದೆ. ಪುದುಚೇರಿಯಲ್ಲಿ 1980ರ ದಶಕದಲ್ಲಿ ಬಂದರಿನ ದಂಡೆ ಕಟ್ಟಿದ ಮೇಲೆ ಊರೆದುರಿನ ಹೊಯ್ಗೆಯೆಲ್ಲ ಮಾಯವಾಗಿ ಕರಿಗಲ್ಲಿನ ರಾಶಿಯಷ್ಟೇ ಉಳಿದಿತ್ತು. 2018ರ ಸುಮಾರಿಗೆ ಅಲ್ಲಿ ನೀರೊಳಗೆ ಒಂದು ದಿಬ್ಬ ಮಾಡಿ, ಬಂದರಿನಲ್ಲಿ ತುಂಬಿದ್ದ ಹೊಯ್ಗೆಯನ್ನು ಎತ್ತಿ ಊರೆದುರಿಗೆ ಹಾಕಿದರು. ಎಷ್ಟೋ ವರ್ಷಗಳ ನಂತರ ಮಕ್ಕಳು ಅಲ್ಲಿ ಮತ್ತೆ ಹೊಯ್ಗೆಯಲ್ಲಿ ಆಡಿದರು. ಕಡಲನ್ನು ಗೋಡೆಯಿಂದಲೇ ಗೆದ್ದವರೆಂದು ಹೆಸರಾದ ಡಚ್ಚರು ಕೂಡ 2011ರಲ್ಲಿ ತಮ್ಮ ತೀರದ ಒಂದು ಕಡೆ 2 ಕೋಟಿ ಘನ ಮೀಟರಿಗೂ ಹೆಚ್ಚು ಹೊಯ್ಗೆಯನ್ನು ರಾಶಿ ಹಾಕಿ, ಹಂಚುವ ಕೆಲಸವನ್ನು ಅಲೆಗಳಿಗೇ ಬಿಟ್ಟರು. ಬಂದರಿನ ಹೂಳೆತ್ತಿದಾಗ ಸಿಗುವ ಹೊಯ್ಗೆಯನ್ನು ಮಾರದೆ, ಬರಿದಾದ ಪಕ್ಕದ ದಡಕ್ಕೆ ಹಾಕಿ ಎಂದು ನಾವೂ ಕೇಳಬಹುದು.

ಅಳಿವೆಯ ಒಳಭಾಗಕ್ಕೆ ಕಾಂಡ್ಲಾ ಇದೆ. ಬೋರ್ಗರೆಯುವ ಕಡಲೆದುರು ಅದು ನಿಲ್ಲದು. ಹಿನ್ನೀರಿನ ದಡದಲ್ಲಿ ಮಾತ್ರ ಅದರ ಬೇರು ಮಣ್ಣನ್ನು ಬಿಗಿಯಾಗಿ ಹಿಡಿಯುತ್ತದೆ. ಪಕ್ಕದ ಕಣ್ಣೂರು ಜಿಲ್ಲೆಯ ಪಳಯಂಗಾಡಿಯಲ್ಲಿ ಕಲ್ಲೇನ್ ಪೊಕ್ಕುಡನ್ ಎಂಬವರು ಇದ್ದರು. ದಲಿತ ಕುಟುಂಬದಲ್ಲಿ ಹುಟ್ಟಿ, ಶಾಲೆಯ ಓದು ಹೆಚ್ಚಿಲ್ಲದೆ, ಹೊಳೆಯಂಚಿನ ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಗಾಳಿಯೂ ಅಲೆಯೂ ತಾಗದಿರಲೆಂದು ಕಾಂಡ್ಲಾ ನೆಡತೊಡಗಿದರು. 2015ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸಾವಿರಾರು ಗಿಡ ನೆಟ್ಟಿದ್ದರು. ಅವರು ನಮ್ಮ ಸಭೆಯವರಲ್ಲ. ಕೇಳಿದ್ದನ್ನು ಮಾಡುವವನೇ ಬಂಡೆಯ ಮೇಲೆ ಕಟ್ಟುವವನು ಎಂದ ಪ್ರಭುವಿನ ಅಳತೆಗೋಲು ಹಿಡಿದರೆ, ಅವರ ಪಾಯ ಎಲ್ಲಿತ್ತು ಎಂದು ನೀವೇ ಹೇಳಿ.

ಈ ಅಳತೆಗೋಲು ಈಗ ನಮ್ಮ ಕಡೆ ತಿರುಗಬೇಕು. ಬೇಳದಿಂದ ವರ್ಕಾಡಿಯವರೆಗೆ ನಮ್ಮ ಹೆಚ್ಚಿನ ಇಗರ್ಜಿಗಳು, ನಮ್ಮ ಮನೆಗಳು, ಅಡಿಕೆ ತೋಟಗಳು ಇರುವುದು ಕಡಲಿನಿಂದ ದೂರ, ಮುರಕಲ್ಲಿನ ಗುಡ್ಡಗಳ ಮೇಲೂ ತಪ್ಪಲಲ್ಲೂ. ಅಕ್ಷರಶಃ ಬಂಡೆಯ ಮೇಲಿನ ಮನೆಯವರು ನಾವು. ಕಡಲು 1 ಮೀಟರ್ ಏರಿದರೂ ನಮ್ಮ ಅಂಗಳಕ್ಕೆ ಬರದು. ಹೀಗಿರುವಾಗ ಆ ಸಾಮತಿ ನಮಗೆ ನೆಮ್ಮದಿ ಕೊಡುತ್ತದೆಯೇ? ಪ್ರಭು ಹೇಳಿದ ಬಂಡೆ ಮುರಕಲ್ಲಲ್ಲ. ತನ್ನ ಮಾತನ್ನು ಕೇಳಿ ಅದರಂತೆ ನಡೆಯುವುದೇ ಬಂಡೆ, ಕೇಳಿ ಸುಮ್ಮನಿರುವುದೇ ಹೊಯ್ಗೆ. ಗುಡ್ಡದ ಮೇಲೆ ಕೂತು ಕೆಳಗಿನವರ ಮನೆ ಬೀಳುವುದನ್ನು ನೋಡುತ್ತಿರುವವನ ಮನೆ, ಆ ಸಾಮತಿಯ ಪ್ರಕಾರ, ಹೊಯ್ಗೆಯ ಮೇಲಿದೆ.

ಗುಡ್ಡಕ್ಕೆ ಕಡಲು ಬರದಿದ್ದರೂ ಉಪ್ಪು ಬರುತ್ತದೆ ಎಂಬುದನ್ನೂ ಮರೆಯಬಾರದು. ಪಯಸ್ವಿನಿಯ ಬಾವಿಕ್ಕರದಲ್ಲಿ ಉಪ್ಪುನೀರು ಹಿಂದಕ್ಕೆ ಏರಿ, ಕಾಸರಗೋಡು ಪೇಟೆಯ ನಲ್ಲಿಯಲ್ಲಿ ಎಷ್ಟೋ ಬೇಸಗೆ ಉಪ್ಪು ನೀರು ಬಂದದ್ದು ಹಿರಿಯರಿಗೆ ನೆನಪಿದೆ. ವರ್ಷವರ್ಷ ಮರಳಿನ ಚೀಲದ ತಾತ್ಕಾಲಿಕ ಒಡ್ಡು ಕಟ್ಟಿ, ಅದು ಒಡೆದು, ಕೊನೆಗೆ ಶಾಶ್ವತ ಅಣೆಕಟ್ಟು ಬರುವವರೆಗೂ ಅದೇ ಪಾಡಾಗಿತ್ತು. ಗುಡ್ಡದ ಮೇಲೆ ನಾವು ಮಳೆನೀರನ್ನು ಮದಕದಲ್ಲೋ ಕಟ್ಟದಲ್ಲೋ ಇಂಗಿಸಿದರೆ ಹೊಳೆಯಲ್ಲಿ ಸಿಹಿನೀರಿನ ಒತ್ತಡ ಉಳಿಯುತ್ತದೆ, ಉಪ್ಪು ಹಿಂದೆ ನಿಲ್ಲುತ್ತದೆ. ಮೇಲಿನವನ ಬಾವಿಗೂ ಕೆಳಗಿನವನ ಬಾವಿಗೂ ಇರುವ ಸಂಬಂಧ ಅಷ್ಟು ಹತ್ತಿರದ್ದು.

ಇಷ್ಟೆಲ್ಲ ಮಾಡಿದರೂ ಕೆಲವರು ದಡ ಬಿಡಲೇಬೇಕಾಗುತ್ತದೆ. ಕೇರಳ ಸರಕಾರದ ‘ಪುನರ್ಗೇಹಂ’ ಯೋಜನೆಯಲ್ಲಿ, ಉಬ್ಬರದ ಗೆರೆಯಿಂದ 50 ಮೀಟರಿನೊಳಗಿನ ಮೀನುಗಾರ ಕುಟುಂಬಕ್ಕೆ ಜಾಗಕ್ಕೂ ಮನೆಗೂ ಸೇರಿ 10 ಲಕ್ಷ ರೂಪಾಯಿ ಸಿಗುತ್ತದೆ. ಇನ್ನೊಂದು ಕಡೆ 2019ರ ಕೇಂದ್ರದ ಕರಾವಳಿ ನಿಯಂತ್ರಣ ಅಧಿಸೂಚನೆ, ಜನದಟ್ಟಣೆಯ ಗ್ರಾಮಗಳಲ್ಲಿ ಕಟ್ಟಡ ಕಟ್ಟಬಾರದ ಅಂತರವನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಬಡವನನ್ನು ಎಬ್ಬಿಸುವ ಗೆರೆಯೂ 50, ರೆಸಾರ್ಟಿಗೆ ಅನುಮತಿ ಸಿಗುವ ಗೆರೆಯೂ 50. ಈ ಕಾಗದಕ್ಕೆ ಕಡಲು ಸಹಿ ಹಾಕಿಲ್ಲ.

10 ಲಕ್ಷಕ್ಕೆ ಕಡಲ ಸಮೀಪ ಜಾಗ ಸಿಗುವುದಿಲ್ಲ. ದೂರ ಹೋದರೆ ದೋಣಿ ಎಲ್ಲಿ, ಬಲೆ ಎಲ್ಲಿ, ಬೆಳಗಿನ ಜಾವ ಹೋಗುವುದು ಹೇಗೆ? ತಿರುವನಂತಪುರದ ವಲಿಯತುರದಲ್ಲಿ ಮನೆ ಕಳೆದುಕೊಂಡ ಕುಟುಂಬಗಳು ಸಿಮೆಂಟ್ ಗೋದಾಮಿನಲ್ಲಿ ಸೀರೆಯ ಮರೆ ಕಟ್ಟಿಕೊಂಡು ವರ್ಷಗಟ್ಟಲೆ ಬದುಕಿದರು. ಅವರಿಗೆ ಬೇಕಾದದ್ದು ದೋಣಿಗೆ ಸೈಕಲ್ ತುಳಿದು ಹೋಗುವಷ್ಟು ದೂರದಲ್ಲಿ ಹತ್ತು ಸೆಂಟ್ಸಿಗಿಂತಲೂ ಕಡಿಮೆ ಜಾಗ, ಮತ್ತು ಅಲ್ಲಿ ಅವರನ್ನು ನೆರೆಯವರಾಗಿ ಕಾಣುವ ಜನ.

ಪ್ರೇಷಿತರ ಕಾರ್ಯಕಲಾಪಗಳ 27, 28ನೇ ಅಧ್ಯಾಯಗಳಲ್ಲಿ ಸಂತ ಪೌಲರ ಹಡಗು ಒಡೆಯುತ್ತದೆ. ಹಡಗಿನಲ್ಲಿದ್ದವರು 276 ಮಂದಿ. ನಾವಿಕರು ಮೆಲ್ಲನೆ ಸಣ್ಣ ದೋಣಿ ಇಳಿಸಿ ತಾವು ಮಾತ್ರ ಪಾರಾಗಲು ನೋಡಿದಾಗ, ಇವರು ಹಡಗಿನಲ್ಲಿ ಉಳಿಯದಿದ್ದರೆ ನಿಮಗೆ ಉಳಿವಿಲ್ಲ ಎಂದು ಪೌಲರು ಎಚ್ಚರಿಸುತ್ತಾರೆ. ಸೈನಿಕರು ಆ ದೋಣಿಯ ಹಗ್ಗವನ್ನೇ ಕಡಿಯುತ್ತಾರೆ. ಹಡಗು ಹೋಯಿತು, ಸರಕು ಹೋಯಿತು, ಕೆಲವರು ಈಜಿ, ಕೆಲವರು ಹಲಗೆ ಹಿಡಿದು, 276 ಮಂದಿಯೂ ದಡ ಸೇರಿದರು. ಆ ದಡ ಮಾಲ್ಟಾ ದ್ವೀಪದ್ದು. ಅಲ್ಲಿನ ಜನರನ್ನು ಕರೆಯಲು ಸಂತ ಲೂಕರು ಬಳಸುವ ಗ್ರೀಕ್ ಪದಕ್ಕೆ ಗ್ರೀಕ್ ಮಾತಾಡದವರು, ಬೇರೆ ಭಾಷೆಯವರು ಎಂಬ ಅರ್ಥವಿದೆ. ಭಾಷೆ ಬೇರೆ, ದೇವರು ಬೇರೆ. ಅವರು ಮಳೆಯಲ್ಲಿ ನೆನೆದು ನಡುಗುತ್ತಿದ್ದವರಿಗೆ ಮೊದಲು ಬೆಂಕಿ ಹೊತ್ತಿಸಿದರು. ನೀವು ಯಾರು ಎಂದು ಕೇಳಿದ್ದು ಆಮೇಲೆ.

ನಮ್ಮ ಧರ್ಮಪ್ರಾಂತ್ಯದಲ್ಲಿ ಕನ್ನಡ, ಕೊಂಕಣಿ, ತುಳು, ಮಲಯಾಳ ಎಲ್ಲವೂ ಇವೆ. ಕಡಲಂಚಿನಲ್ಲಿ ನಮ್ಮವರು ಕಡಿಮೆ. ಮೊಗವೀರರು, ಮುಸ್ಲಿಮರು, ಮಲಯಾಳ ಮಾತಾಡುವ ಬೆಸ್ತರು ಹೆಚ್ಚು. ಅಲ್ಪಸಂಖ್ಯಾತರಾಗಿ ನಮಗೊಂದು ಅನುಭವವಿದೆ: ಅರ್ಥವಾಗದ ಭಾಷೆಯ ಸುತ್ತೋಲೆ ಕೈಗೆ ಬಂದಾಗ ಆಗುವ ಸಂಕಟ. ಪುನರ್ಗೇಹಂ ಅರ್ಜಿ, ಜಾಗದ ದಾಖಲೆ, ಬ್ಯಾಂಕಿನ ಕಾಗದ ಹಿಡಿದು ತುಳು, ಕನ್ನಡ ಮಾತ್ರ ಬಲ್ಲ ಮೊಗವೀರ ಅಜ್ಜಿಯೊಬ್ಬರು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರೆ, ಆ ಸಂಕಟ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ಇಲ್ಲಿನ ಭಾಷಾ ಅಲ್ಪಸಂಖ್ಯಾತರಿಗಿದೆ. ಎರಡೂ ಭಾಷೆ ಓದಬಲ್ಲ ನಮ್ಮ ಯುವಜನರು ಭಾನುವಾರ ಪೂಜೆಯ ನಂತರ ಎರಡು ಗಂಟೆ ಒಂದು ಮೇಜು ಹಾಕಿ ಕುಳಿತರೆ, ಯಾವ ಜಾತಿ ಧರ್ಮದವರೇ ಬರಲಿ, ಅರ್ಜಿ ಬರೆದುಕೊಡಬಹುದು. ಇದಕ್ಕೆ ಖರ್ಚು ಏನೂ ಇಲ್ಲ.

ಖರ್ಚಿರುವ ಮಾತು ಇನ್ನೊಂದಿದೆ. ಇಗರ್ಜಿಗೂ ನಮ್ಮಲ್ಲಿ ಹಲವರಿಗೂ ಹೆದ್ದಾರಿಯ ಪಶ್ಚಿಮಕ್ಕೂ ಪಕ್ಕದಲ್ಲೂ ಖಾಲಿ ಬಿದ್ದ ಜಾಗಗಳಿವೆ. ಬೆಲೆ ಏರಲಿ ಎಂದು ಇಟ್ಟವೂ ಇವೆ, ಮಕ್ಕಳು ಗಲ್ಫಿನಲ್ಲಿರುವುದರಿಂದ ಪಾಳು ಬಿದ್ದವೂ ಇವೆ. ಪುನರ್ಗೇಹಂ ಹಣಕ್ಕೆ ನಿಲುಕುವ ಬೆಲೆಯಲ್ಲಿ ಐದಾರು ಸೆಂಟ್ಸಿನ ಕೆಲವು ತುಂಡು ಕೊಡಬಹುದೇ? ಕೊಟ್ಟ ಮೇಲೆ ಅಲ್ಲಿಗೆ ಬರುವವರಿಗೆ ಬಾವಿಯ ನೀರು, ದಾರಿ, ಮೀನು ಒಣಗಿಸುವ ಜಾಗ ಬಿಟ್ಟುಕೊಡುವ ಮನಸ್ಸು ಇದೆಯೇ? ಒಣಮೀನಿನ ವಾಸನೆಯ ಬಗ್ಗೆ ಮೊದಲ ದೂರು ಬರುವ ದಿನವೇ ನಿಜವಾದ ಪರೀಕ್ಷೆ ಎಂಬುದು ನಮಗೆ ಗೊತ್ತಿದೆ.

ಜುಲೈ ತಿಂಗಳ ಎರಡನೇ ಭಾನುವಾರ ಜಗತ್ತಿನ ಕಥೋಲಿಕ ಸಭೆ ಕಡಲಿನ ಜನರಿಗಾಗಿ ಪ್ರಾರ್ಥಿಸುವ ಸಮುದ್ರ ಭಾನುವಾರ. ಅಂದು ಪೂಜೆಯ ನಂತರ ಪಾಲನಾ ಮಂಡಳಿ ಈ ಎರಡು ವಿಷಯಗಳನ್ನು, ಅರ್ಜಿಯ ಮೇಜನ್ನೂ ಜಾಗದ ಮಾತನ್ನೂ, ಚರ್ಚೆಗೆ ಎತ್ತಿಕೊಳ್ಳಲಿದೆ. ಜಾಗ ಇರುವವರು, ಮಾರಲು ಮನಸ್ಸಿರುವವರು, ಮಾರಲು ಮನಸ್ಸಿಲ್ಲದವರು, ಎಲ್ಲರೂ ಬನ್ನಿ. ಬರಲಾಗದವರು ತಮ್ಮ ವಾರ್ಡಿನ ಗುರಿಕಾರರ ಬಳಿ ಅಭಿಪ್ರಾಯವನ್ನು ಬರೆದುಕೊಡಿ. ಆ ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಮುಸೋಡಿ, ಕೋಯಿಪ್ಪಾಡಿ, ಕಣ್ವತೀರ್ಥ, ಬಟ್ಟಪ್ಪಾಡಿ ಎಂಬ ಊರುಗಳ ಹೆಸರನ್ನು ಒಂದೊಂದಾಗಿ ಹೇಳೋಣ.